ಹಕ್ಕಿಯೋ, ಅಕ್ಕಿಯೋ

ನಮ್ಮ ಮಂಡ್ಯದ ಕಡೆ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಬಿಟ್ಟುಹೋದ ಹಕಾರ ಸುಮ್ಮನಿರುವುದೂ ಇಲ್ಲ. ಬೇಡದ ಕಡೆ ಬಂದು ಕೂತು ‘ಆದರದ ಸ್ವಾಗತ’ವನ್ನು ಏನೇನೋ ಮಾಡಿಬಿಡುತ್ತದೆ. ಹೋಬಳಿ ಊರಿನ ಅನುದಾನಿತ ಪ್ರೌಢಶಾಲೆಯಲ್ಲಿ 22 ವರ್ಷದಿಂದ ನಾನು ಕನ್ನಡ ಮೇಡಂ. ನನ್ನ ಕೆಲಸದಲ್ಲಿ ಅರ್ಧಪಾಲು ಈ ಹಕಾರವನ್ನು ಹಿಡಿದು ಅದರ ಜಾಗಕ್ಕೆ ಕೂರಿಸುವುದೇ. ಹಾಜರಿ ಕರೆದಾಗ ‘ಪ್ರೆಸೆಂಟ್ ಮಿಸ್’ ಅನ್ನಕೂಡದು, ‘ಹಾಜರ್’ ಅನ್ನಬೇಕು ಅಂತ ನನ್ನ ತರಗತಿಯಲ್ಲಿ ನಿಯಮ. ಮಕ್ಕಳು ‘ಆಜರ್’ ಅನ್ನುತ್ತವೆ. ನಾನು ತಿದ್ದುತ್ತೇನೆ.

ಕೇಳಿಸುತ್ತಿದ್ದಷ್ಟು ದಿನ ತಿದ್ದಿದೆ. 36 ದಾಟಿದ ಮೇಲೆ ಒಂದೊಂದಾಗಿ ಸದ್ದುಗಳು ಮನೆ ಬಿಟ್ಟು ಹೋಗತೊಡಗಿದವು. ಮೊದಲು ಗೋಡೆ ಗಡಿಯಾರ, ಆಮೇಲೆ ಹಲ್ಲಿ ಲೊಚಗುಟ್ಟುವುದು, ಆಮೇಲೆ ಸ, ಶ, ಹ. ನರಕ್ಕೆ ಸಂಬಂಧಪಟ್ಟದ್ದು, ಕಾರಣ ಇಂಥದ್ದೇ ಅಂತ ಹೇಳಲಾಗದು ಅಂದರು ಡಾಕ್ಟರು. ಎಂಟು ವರ್ಷ ಎರಡೂ ಕಿವಿಗೆ ಮಷೀನು ಹಾಕಿಕೊಂಡೆ. ಮಷೀನು ಸದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ತಿಳಿ ಮಾಡುವುದಿಲ್ಲ. ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಹಕಾರವಂತೂ ಬರೀ ಉಸಿರು, ಕಾಣುವುದೇ ಇಲ್ಲ. ಆ ಎಂಟು ವರ್ಷ ಮಾತಾಡುತ್ತಿರುವ ಮಗುವಿಗೆ ನಾನು ಬೆನ್ನು ಹಾಕಿದ್ದಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಯಾರೂ ಬಾಯಿ ಬಿಡಕೂಡದು ಅಂತ ಇನ್ನೊಂದು ನಿಯಮ ಮಾಡಿದ್ದೆ. ಶಿಸ್ತಿನ ಮೇಡಂ ಅಂತ ಹೆಸರು ಬಂತು.

ಏನೂ ಕೇಳದಿದ್ದಾಗ ನಗುತ್ತಾ ತಲೆಯಾಡಿಸುತ್ತಿದ್ದೆ. ಕಿವಿ ಮಂದ ಆದವರೆಲ್ಲ ಕಲಿಯುವ ವಿದ್ಯೆ ಅದು. ಒಂದು ಜುಲೈ ತಿಂಗಳು, ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಒಂಬತ್ತನೇ ತರಗತಿಯ ಹುಡುಗನ ತಾಯಿ ಬಂದು ಏನೋ ಹೇಳಿದಳು. ನಾನು ಎಂದಿನಂತೆ ನಕ್ಕು, ತಲೆಯಾಡಿಸಿ, ‘ಒಳ್ಳೇದಾಯ್ತು ಬಿಡಮ್ಮ’ ಅಂದೆ. ಅವಳು ಹೇಳಿದ್ದು ‘ನಮ್ಮನೇವ್ರು ಓಗ್ಬುಟ್ರು ಮೇಡಂ’ ಅಂತ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಚೀಟಿಯಲ್ಲಿ ಬರೆದು ತೋರಿಸುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಮಾರನೇ ವಾರವೇ ಮೈಸೂರಿನ ಬಸ್ಸು ಹತ್ತಿದೆ.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಓದಿದವರಿಗೆ ಅದು ಆಯಿಷ್, ನಮ್ಮ ಕಡೆಯವರಿಗೆ ‘ಸ್ಪೀಚ್ ಅಂಡ್ ಇಯರಿಂಗು’. ಹಕಾರ ಅಲ್ಲೂ ಉಳಿದಿಲ್ಲ! ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, ಕೇಳಿದಾಗ ಬಟನ್ ಒತ್ತಿ ಅಂದರು. ತುಂಬಾ ಹೊತ್ತು ನಾನು ಒತ್ತಲೇ ಇಲ್ಲ. ಎರಡೂ ಕಿವಿಯಲ್ಲಿ ಕೊರತೆ 90 ಡೆಸಿಬೆಲ್ ದಾಟಿತ್ತು. ಸರ್ಕಾರಿ ಲೆಕ್ಕದಲ್ಲಿ 70 ದಾಟಿದರೆ ಕಿವುಡು. ಇನ್ನು ಮಷೀನು ಬದಲಿಸಿ ಪ್ರಯೋಜನವಿಲ್ಲ, ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಯೋಚಿಸಿ ಅಂದರು.

ಒಳಗಿವಿಯಲ್ಲಿ ಕಾಕ್ಲಿಯ ಅಂತ ಒಂದು ಭಾಗ. ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರುತ್ತದೆ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ನಮ್ಮ ವಿ.ಸಿ. ನಾಲೆಯ ಲೆಕ್ಕದಲ್ಲಿ. ಸುರುಳಿಯನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ಒಂದು ಪುಟ್ಟ ನಾಲೆ, ಉದ್ದ ಮೂರೂವರೆ ಸೆಂಟಿಮೀಟರ್ ಆಸುಪಾಸು. ದಂಡೆಯುದ್ದಕ್ಕೂ ಕೂದಲಿನಂಥ ಸಾವಿರಾರು ಜೀವಕೋಶಗಳ ಬೆಳೆ. ಸದ್ದು ಬಂದಾಗ ಅವು ತೂಗಿ, ನರಕ್ಕೆ ವಿದ್ಯುತ್ತಿನ ಸುದ್ದಿ ಮುಟ್ಟಿಸುತ್ತವೆ. ನಾಲೆಯ ತಲೆ ಭಾಗದಲ್ಲಿ ಸಕಾರದಂಥ ಕೀಚು ಸದ್ದುಗಳ ಪಾಲು, ಕೊನೆ ಭಾಗದಲ್ಲಿ ಡೊಳ್ಳಿನಂಥ ದಪ್ಪ ಸದ್ದುಗಳ ಪಾಲು. ನಮ್ಮ ನಾಲೆಯಲ್ಲಿ ನೀರಿಗೆ ಗೋಳಾಡುವವರು ಯಾವಾಗಲೂ ಕೊನೆ ಭಾಗದವರು. ಕಿವಿಯಲ್ಲಿ ಸಾಮಾನ್ಯವಾಗಿ ತಲೆ ಭಾಗವೇ ಮೊದಲು ಒಣಗುತ್ತದೆ. ಬೆಳೆಯೇ ಇಲ್ಲದ ಗದ್ದೆಗೆ ಎಷ್ಟು ನೀರು ಹಾಯಿಸಿದರೇನು? ಮಷೀನಿನ ಸೋಲು ಅದೇ. ಇಂಪ್ಲಾಂಟ್ ಬೆಳೆಯ ಗೋಜಿಗೇ ಹೋಗುವುದಿಲ್ಲ. ಎಲೆಕ್ಟ್ರೋಡುಗಳಿರುವ ತೆಳ್ಳನೆ ತಂತಿಯನ್ನು ನಾಲೆಯೊಳಗೆ ತೂರಿಸಿ ನೇರವಾಗಿ ನರವನ್ನೇ ಮುಟ್ಟಿ ಮಾತಾಡಿಸುತ್ತದೆ. ನನ್ನದರಲ್ಲಿ 22 ಎಲೆಕ್ಟ್ರೋಡ್. ಬೇರೆ ಕಂಪನಿಗಳಲ್ಲಿ 12, 16 ಇರುವುದೂ ಉಂಟು. ಸಾವಿರಾರು ಗಿಡ ಮಾಡುತ್ತಿದ್ದ ಕೆಲಸವನ್ನು 22 ತೂಬು ಮಾಡಬೇಕು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇದನ್ನು ಸಾಧ್ಯ ಮಾಡಿದವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಡಾಕ್ಟರ್ ಗ್ರೇಮ್ ಕ್ಲಾರ್ಕ್. ಅವರ ತಂದೆ ಔಷಧಿ ಅಂಗಡಿ ಇಟ್ಟುಕೊಂಡಿದ್ದರು, ಕಿವಿ ಕೇಳುತ್ತಿರಲಿಲ್ಲ. ಗಿರಾಕಿ ಕೌಂಟರಿನಲ್ಲಿ ನಿಂತು ಕೇಳಿದ್ದೊಂದು, ಅಪ್ಪನಿಗೆ ತಿಳಿದದ್ದೊಂದು ಆಗುವುದನ್ನು ನೋಡುತ್ತಾ ಬೆಳೆದ ಹುಡುಗ. ಆ ಸುರುಳಿಯೊಳಗೆ ತಂತಿಯನ್ನು ಹೇಗೆ ಇಳಿಸುವುದು ಅಂತ ತಲೆಕೆಡಿಸಿಕೊಂಡು, ಸಮುದ್ರದ ದಡದಲ್ಲಿ ಸಿಕ್ಕ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದವರು. 1978ರಲ್ಲಿ ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಎಂಬವರಿಗೆ ತಮ್ಮ ಮೊದಲ ಇಂಪ್ಲಾಂಟ್ ಹಾಕಿದರು. ಅವರಿಗಿಂತ ಮುಂಚೆ ಪ್ಯಾರಿಸ್, ಲಾಸ್ ಏಂಜಲೀಸ್‌ನಲ್ಲಿ, ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಇಂಥ ಕೆಲಸ ನಡೆದಿತ್ತು. ನನಗೆ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಆ ಅಂಗಡಿಯ ಅಪ್ಪ. ಅವರೂ ನಗುತ್ತಾ ತಲೆಯಾಡಿಸುತ್ತಿದ್ದರೇನೋ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಚಿಕ್ಕ ಮಕ್ಕಳಿಗೆ ಇಂಪ್ಲಾಂಟ್ ಹಾಕಿಸಲು ಕೇಂದ್ರದ ಅಡಿಪ್ ಯೋಜನೆಯಲ್ಲಿ ನೆರವಿದೆ. ನನ್ನಂಥ ವಯಸ್ಸಾದವರು ಕೈಯಿಂದಲೇ ಹಾಕಬೇಕು. ಒಂದು ಕಿವಿಗೆ ಎಲ್ಲ ಸೇರಿ ನನಗೆ ಎಂಟು ಲಕ್ಷ ಚಿಲ್ಲರೆ ಆಯಿತು. ಶಿಕ್ಷಕರ ಸೊಸೈಟಿ ಸಾಲ, ಮಗಳ ಮದುವೆಗೆಂದು ಎತ್ತಿಟ್ಟಿದ್ದ ನಾಲ್ಕು ಬಳೆ. ‘ನನ್ ಮದುವೆಲಿ ನೀನು ಓಲಗ ಕೇಳ್ಬೇಕಲ್ಲಮ್ಮ’ ಅಂತ ಮಗಳೇ ಬಳೆ ತಂದುಕೊಟ್ಟಳು. ಓಲಗದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಪರೇಷನ್‌ಗೆ ಮುಂಚೆ ನ್ಯುಮೋಕಾಕಸ್ ಲಸಿಕೆ ಹಾಕಿಸಿದರು; ಇಂಪ್ಲಾಂಟ್ ಇರುವವರಿಗೆ ಮೆದುಳುಜ್ವರದ ಅಪಾಯ ಸ್ವಲ್ಪ ಹೆಚ್ಚಂತೆ. ಬಲಗಿವಿಯ ಹಿಂದೆ ಕೊಯ್ದು, ಮೂಳೆ ಕೊರೆದು ಒಳಗಿನ ಭಾಗ ಕೂರಿಸಲು ಮೂರು ಗಂಟೆ. ಎಚ್ಚರವಾದಾಗ ತಲೆಗೆ ಮೈಸೂರು ಪೇಟದಷ್ಟು ದಪ್ಪ ಬ್ಯಾಂಡೇಜು. ಎರಡನೇ ದಿನ ಮನೆಗೆ ಕಳಿಸಿದರು.

ನೋವು ನಾನು ಹೆದರಿದಷ್ಟು ಇರಲಿಲ್ಲ. ಹೆದರದೇ ಇದ್ದವು ಬೇರೆ ಬಂದವು. ತಲೆಸುತ್ತು: ಜಾತ್ರೆಯ ತಿರುಗುತೊಟ್ಟಿಲಿನಿಂದ ಇಳಿದ ಮೇಲೆ ನೆಲ ಓಡುತ್ತದಲ್ಲ, ಹಾಗೆ, ಒಂದು ವಾರ. ನಮ್ಮ ಸಮತೋಲ ಕಾಯುವ ಅಂಗವೂ ಅದೇ ಒಳಗಿವಿಯಲ್ಲಿ, ಕಾಕ್ಲಿಯಕ್ಕೆ ಅಂಟಿಕೊಂಡೇ ಇದೆ. ರಂಗೋಲಿ ಹಾಕಲು ಬಗ್ಗಿದರೆ ಅಂಗಳವೇ ವಾಲುತ್ತಿತ್ತು. ಬಾಯಿ ರುಚಿ: ನಾಲಿಗೆಯ ಬಲಭಾಗದಲ್ಲಿ ತಾಮ್ರದ ಕಾಸು ನೆಕ್ಕಿದ ಹಾಗೆ ಒಗರು. ನಾಲಿಗೆಯ ರುಚಿ ಹೊತ್ತೊಯ್ಯುವ ನರವೊಂದು ಕಿವಿಯೊಳಗೇ ಹಾದುಹೋಗುತ್ತದೆ, ಆಪರೇಷನ್‌ನಲ್ಲಿ ಅದಕ್ಕೆ ತಗುಲಿರುತ್ತದೆ. ಮೂರು ತಿಂಗಳು ನನ್ನ ಸಾರಿಗೆ ಉಪ್ಪು ಹಾಕಿದ್ದು ಮಗಳು. ಕಿವಿಯ ಹಾಲೆ ಮರಗಟ್ಟಿ, ಓಲೆ ಹಾಕುವಾಗ ಯಾರದೋ ಕಿವಿಗೆ ಹಾಕಿದ ಹಾಗಿತ್ತು.

ಭಾರ ಎತ್ತಕೂಡದು, ಮೂಗು ಜೋರಾಗಿ ಸೀಟಕೂಡದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಹೊಲಿಗೆ ಬಿಚ್ಚಿ ಡಾಕ್ಟರು ಹೂಂ ಅನ್ನುವವರೆಗೆ ತಲೆಗೆ ನೀರು ಸೋಕಕೂಡದು. ಇದೆಲ್ಲ ನನಗೆ ಗೊತ್ತು, ನಮ್ಮತ್ತೆಗೆ ಗೊತ್ತಿಲ್ಲ. ಅವರು ನನ್ನನ್ನು ಬಾಣಂತಿ ಮಾಡಿಬಿಟ್ಟಿದ್ದರು. ಮೂರನೇ ದಿನ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಟ್ಟಲು ಹಿಡಿದು ಬಂದು, ‘ಎಲ್ಡ್ ತೊಟ್ಟು ಕಿವಿಗ್ ಬುಡ್ತೀನಿ ಬಾರವ್ವ’ ಅಂದರು. ಕೇಳಲಿಲ್ಲ, ಬಟ್ಟಲು ಕಂಡಿತು. ದಿಂಬು ಅಡ್ಡ ಹಿಡಿದು ಬಚಾವಾದೆ.

ಗಾಯ ಮಾಯುವವರೆಗೆ ಯಂತ್ರ ಚಾಲೂ ಮಾಡುವುದಿಲ್ಲ. ನನಗೆ ಮೂರು ವಾರ. ಆ ಕಿವಿಯಲ್ಲಿ ಅಳಿದುಳಿದಿದ್ದ ಅಷ್ಟಿಷ್ಟು ಕೇಳ್ಮೆಯೂ ಆಪರೇಷನ್‌ನಲ್ಲಿ ಹೋಗಿತ್ತು. ಎಂಟು ಲಕ್ಷ ಕೊಟ್ಟು ಇದ್ದದ್ದನ್ನೂ ಕಳಕೊಂಡೆನಾ ಅಂತ ರಾತ್ರಿ ಲೆಕ್ಕ ಹಾಕುವ ಮೂರು ವಾರ ಅವು. ಊರವರಿಗೆ ಮಾತ್ರ ಆಪರೇಷನ್ ಆದ ಮಾರನೇ ದಿನವೇ ಕಿವಿ ಬಂದಿರಬೇಕಿತ್ತು. ನೋಡಲು ಬಂದವರೆಲ್ಲ ಮಂಚದ ಹತ್ತಿರ ಬಗ್ಗಿ ಕೂಗಿ ಪರೀಕ್ಷೆ ಮಾಡಿಹೋದರು.

ಇಷ್ಟಾದ ಮೇಲೆ ‘ಸ್ವಿಚ್ ಆನ್’. ಕಿವಿಯ ಹಿಂದೆ ಸಿಕ್ಕಿಸುವ ಪ್ರೊಸೆಸರ್, ಅದರಿಂದ ಒಂದು ವೈರು, ವೈರಿನ ತುದಿಗೆ ಗುಂಡನೆಯ ಕಾಯಿಲ್. ಕಾಯಿಲ್‌ನಲ್ಲಿ ಅಯಸ್ಕಾಂತ, ಚರ್ಮದ ಒಳಗೂ ಅಯಸ್ಕಾಂತ. ಟಕ್ ಅಂತ ತಲೆಗೆ ಕಚ್ಚಿಕೊಳ್ಳುತ್ತದೆ. ಆಡಿಯಾಲಜಿಸ್ಟ್ ಹುಡುಗಿ ಕಂಪ್ಯೂಟರಿನಲ್ಲಿ ಒಂದೊಂದೇ ಎಲೆಕ್ಟ್ರೋಡ್ ಮೀಟಿ, ಎಲ್ಲಿ ಸಣ್ಣಗೆ ಕೇಳಲು ಶುರುವಾಗುತ್ತದೆ, ಎಲ್ಲಿಗೆ ಸಾಕು ಅನ್ನಿಸುತ್ತದೆ ಅಂತ ಗುರುತು ಹಾಕಿಕೊಂಡಳು. ಇದಕ್ಕೆ ಮ್ಯಾಪಿಂಗ್ ಅನ್ನುತ್ತಾರೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಟ್ಟಳು. ಮೊಬೈಲಿನಲ್ಲಿ ವೀಡಿಯೋ ನೋಡಿರುತ್ತೀರಿ, ಯಂತ್ರ ಹಾಕಿದ ಕೂಡಲೇ ಕಣ್ಣೀರು, ನಗು, ತಬ್ಬಿಕೊಳ್ಳುವುದು. ನನಗೆ ಕೇಳಿಸಿದ್ದು ಎವರ್‌ಸಿಲ್ವರ್ ತಟ್ಟೆಯ ಮೇಲೆ ಗೋಲಿ ಸುರಿದ ಹಾಗೆ ಟಿಣಿಟಿಣಿಟಿಣಿ. ಅವಳು ಬಾಯಿ ಬಿಟ್ಟರೆ ಟಿಣಿಟಿಣಿ, ಯಜಮಾನರು ಕೆಮ್ಮಿದರೆ ಟಿಣಿಟಿಣಿ, ಕುರ್ಚಿ ಎಳೆದರೂ ಅದೇ. ‘ಹೇಗಿದೆ ಮೇಡಂ?’ ಅಂತ ಬರೆದು ತೋರಿಸಿದಳು. ಅಭ್ಯಾಸಬಲ, ನಕ್ಕು ತಲೆಯಾಡಿಸಿದೆ. ಆ ಹುಡುಗಿ ಚಾಲಾಕಿ. ಪೆನ್ನು ಕೆಳಗಿಟ್ಟು, ಬಾಯಿಗೆ ರಟ್ಟು ಅಡ್ಡ ಹಿಡಿದು ಏನೋ ಹೇಳಿ, ‘ಏನಂದೆ?’ ಅಂತ ಸನ್ನೆಯಲ್ಲೇ ಕೇಳಿದಳು. ಸಿಕ್ಕಿಬಿದ್ದೆ. ‘ಇಲ್ಲಿ ತಲೆಯಾಡಿಸಿದರೆ ಮ್ಯಾಪಿಂಗ್ ಹಾಳಾಗುತ್ತೆ. ಕೇಳಿಲ್ಲ ಅಂದರೆ ಕೇಳಿಲ್ಲ ಅನ್ನಿ’ ಅಂತ ಬರೆದುಕೊಟ್ಟಳು. ಆ ಚೀಟಿ ಈಗಲೂ ಪರ್ಸಿನಲ್ಲಿದೆ.

ಕೇಳಿಸುವುದು ಕಿವಿಗಲ್ಲ, ಮೆದುಳಿಗೆ. 40 ವರ್ಷ ಒಂದು ಲಿಪಿ ಓದಿದ ಮೆದುಳಿಗೆ ಈಗ ಬೇರೆ ಲಿಪಿ ಕೊಟ್ಟಿದ್ದಾರೆ, ಅಷ್ಟೇ. ಹಾಗಂತ ನನಗೆ ನಾನೇ ಪಾಠ ಹೇಳಿಕೊಂಡು ಅ ಆ ಇ ಈಗೆ ಮರಳಿದೆ. ನಿಜವಾಗಿಯೂ ಅ ಆ ಇ ಈ. ಬೆಳಿಗ್ಗೆ ಕಾಯಿಲ್ ಸಿಕ್ಕಿಸಿದ ಕೂಡಲೇ ಮಗಳು ಹಿಂದೆ ನಿಂತು ಆರು ಸದ್ದು ಮಾಡಬೇಕು: ಆ, ಈ, ಊ, ಶ್, ಸ್, ಮ್. ದಪ್ಪದಿಂದ ಕೀಚಿನವರೆಗೆ ಮಾತಿನ ಹರವನ್ನೆಲ್ಲ ಈ ಆರು ಮುಟ್ಟುತ್ತವೆ. ಆರೂ ಬಂದರೆ ಯಂತ್ರ ಸರಿಯಿದೆ ಅಂತ. ಆಮೇಲೆ ಕಸೂತಿ ಹಾಕುವ ಬಳೆಗೆ ತೆಳು ಬಟ್ಟೆ ಬಿಗಿದು, ಬಾಯಿಗೆ ಅಡ್ಡ ಹಿಡಿದು ಪದ ಹೇಳುವುದು. ಕೈ ಅಡ್ಡ ಇಟ್ಟರೆ ಸದ್ದೇ ಕೆಡುತ್ತದೆ, ಬಟ್ಟೆಯಾದರೆ ತುಟಿ ಮಾತ್ರ ಮರೆಯಾಗುತ್ತದೆ. ಅರವತ್ತು, ಇಪ್ಪತ್ತು, ಎಪ್ಪತ್ತು. ಹನ್ನೊಂದನೇ ದಿನ ಟಿಣಿಟಿಣಿಯ ಒಳಗಿಂದ ‘ಎಪ್ಪತ್ತು’ ಎದ್ದು ಬಂತು. ಕಾರ್ಟೂನಿನ ಬಾತುಕೋಳಿಯ ದನಿಯಲ್ಲಿ, ಆದರೂ ಎಪ್ಪತ್ತೇ.

ಮೇಜಿನ ಕೆಲಸದವರು ಎರಡು ಮೂರು ವಾರಕ್ಕೆ ಕೆಲಸಕ್ಕೆ ಹೋಗಬಹುದು ಅಂದಿದ್ದರು ಡಾಕ್ಟರು. ಗಾಯದ ಲೆಕ್ಕದಲ್ಲಿ ಸರಿ. ಅರವತ್ತು ಮಕ್ಕಳ ತರಗತಿ ಮೇಜಿನ ಕೆಲಸವಲ್ಲ. ಪರಿವರ್ತಿತ ರಜೆ, ಗಳಿಕೆ ರಜೆ ಎರಡನ್ನೂ ಜೋಡಿಸಿ, ಸ್ವಿಚ್ ಆನ್ ಆಗಿ ನಾಲ್ಕು ವಾರದ ಮೇಲೆ, ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಹೋದೆ. ಆಡಳಿತ ಮಂಡಳಿಯ ಹಿರಿಯರೊಬ್ಬರು ಕರುಣೆಯಿಂದಲೇ ‘ಲೈಬ್ರರಿ ನೋಡ್ಕೊಳ್ಳಿ ತಾಯಿ, ಪಾಠದ ತಾಪತ್ರಯ ಯಾಕೆ’ ಅಂದರು. ನಮ್ಮಲ್ಲಿ ಲೈಬ್ರರಿ ಅಂದರೆ ಎರಡು ಬೀರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮನ್ನು ಮಗಳು ಪ್ರಿಂಟ್ ತೆಗೆಸಿ ಕೊಟ್ಟಿದ್ದಳು. ನೌಕರಿಯಲ್ಲಿರುವಾಗ ಅಂಗವಿಕಲತೆ ಬಂತು ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಇದ್ದ ಕೆಲಸ ಆಗಲೇ ಇಲ್ಲ ಅಂದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೂ ಇದು ಅನ್ವಯ. ಪ್ರಿಂಟನ್ನು ಚೀಲದಿಂದ ತೆಗೆಯುವ ಪ್ರಮೇಯ ಬರಲಿಲ್ಲ. ‘ಒಂದು ತಿಂಗಳು ನೋಡಿ ಸಾರ್’ ಅಂದೆ, ಒಪ್ಪಿದರು. ಚೀಲದಲ್ಲಿ ಅದು ಇದೆ ಅಂತ ಗೊತ್ತಿದ್ದದ್ದರಿಂದ ದನಿ ನಡುಗಲಿಲ್ಲ.

ಮೊದಲ ದಿನ ಹತ್ತನೇ ತರಗತಿಯಲ್ಲಿ ಎಂಟು ವರ್ಷ ಹೇಳದ ಮಾತು ಹೇಳಿದೆ: ನನಗೆ ಕಿವಿ ಕೇಳಿಸುವುದಿಲ್ಲ, ಈ ಯಂತ್ರದಿಂದ ಅರ್ಧಂಬರ್ಧ ಕೇಳುತ್ತದೆ, ನೀವು ಹೇಳಿದ್ದು ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನುತ್ತೇನೆ. ಕಾಯಿಲ್ ತೆಗೆದು ತೋರಿಸಿದೆ. ಮುಂದಿನ ಬೆಂಚಿನ ಹುಡುಗಿ, ‘ಮಿಸ್, ನಮಗೆ ಏಳನೇ ಕ್ಲಾಸಿಂದಾನೇ ಗೊತ್ತು’ ಅಂದಳು. ಕ್ಲಾಸ್ ಲೀಡರ್ ಅವಳ ಮಾತನ್ನು ಬೋರ್ಡಿನ ಮೇಲೆ ಬರೆದ ಮೇಲೆ ನಾನೂ ನಕ್ಕೆ.

ಹೊಸ ಕಾನೂನು ಆದವು. ಮಾತಾಡುವವರು ಕೈಯೆತ್ತಿ, ಎದ್ದು ನಿಂತು ಮಾತಾಡಬೇಕು. ಒಂದೇ ಕಿವಿಯಲ್ಲಿ ಇಂಪ್ಲಾಂಟ್ ಇದ್ದರೆ ಸದ್ದು ಬಂತು ಅಂತ ತಿಳಿಯುತ್ತದೆಯೇ ಹೊರತು ಎಲ್ಲಿಂದ ಅಂತ ತಿಳಿಯದು. ಕಿಟಕಿಯ ಕಡೆಯವನು ಮಾತಾಡಿದರೆ ನಾನು ಬಾಗಿಲ ಕಡೆಯವನನ್ನು ಬೈದಿರುತ್ತೇನೆ. ಮಳೆ ಬಂದರೆ ಪಾಠ ಬಂದ್, ಓದಿಕೊಳ್ಳಬೇಕು. ಶೀಟಿನ ಮೇಲಿನ ಮಳೆಯಿಂದ ಮಾತನ್ನು ಬೇರೆ ಮಾಡುವ ಶಕ್ತಿ 22 ತೂಬಿಗೆ ಇಲ್ಲ. ತಲೆಯ ಮೇಲೆ ಫ್ಯಾನು ಇದ್ದರೂ ಅಷ್ಟೇ. ಏಪ್ರಿಲ್‌ನಲ್ಲಿ ಮಕ್ಕಳಿಗೂ ನನಗೂ ಇದೊಂದು ಜಗಳ.

ದಣಿವಿನ ಬಗ್ಗೆ ಯಾರೂ ಹೇಳಿರಲಿಲ್ಲ. ನಾಲ್ಕನೇ ಪೀರಿಯಡ್ಡಿನ ಹೊತ್ತಿಗೆ ಭತ್ತ ಕುಟ್ಟಿ ಬಂದವಳ ಹಾಗೆ ಆಗುತ್ತಿದ್ದೆ. ಬೇರೆಯವರಿಗೆ ಕೇಳಿಸುವುದು ಉಸಿರಾಡಿದ ಹಾಗೆ. ನನಗೆ ಪ್ರತಿ ವಾಕ್ಯವೂ ಬಿಟ್ಟಸ್ಥಳ ತುಂಬಿರಿ. ಹೆಡ್‌ಮಾಸ್ಟರು ಪುಣ್ಯಾತ್ಮ, ಟೈಮ್‌ಟೇಬಲ್‌ನಲ್ಲಿ ಎರಡು ಪಾಠದ ನಡುವೆ ಒಂದು ಬಿಡುವು ಬರುವ ಹಾಗೆ ಮಾಡಿಕೊಟ್ಟರು. ಖರ್ಚಿಲ್ಲದ ಈ ಒಂದು ಅನುಕೂಲ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಉಪಯೋಗವಾಯಿತು.

ಯಂತ್ರದ ಜೊತೆ ಸಂಸಾರ ಮಾಡುವುದೂ ಒಂದು ಕಲಿಕೆ. ರಾತ್ರಿ ಅದನ್ನು ತೇವ ಹೀರುವ ಡಬ್ಬಿಯಲ್ಲಿ ಮಲಗಿಸಬೇಕು, ಬೆವರು ಅದಕ್ಕೆ ವೈರಿ. ಬೈಕಿನ ಹಿಂದೆ ಕೂತು ಹೆಲ್ಮೆಟ್ ಹಾಕಿದರೆ ಕಾಯಿಲ್ ಜಾರುತ್ತದೆ. ಒಮ್ಮೆ ಬಸ್ಸಿನಲ್ಲಿ ತೂಕಡಿಸಿ ಕಿಟಕಿಗೆ ಒರಗಿದೆ, ಕಾಯಿಲ್ ನನ್ನ ತಲೆ ಬಿಟ್ಟು ಕಿಟಕಿಯ ಕಬ್ಬಿಣದ ಸರಳಿಗೆ ಕಚ್ಚಿಕೊಂಡಿತು. ಪಕ್ಕದ ಅಜ್ಜಿ ಬೆಚ್ಚಿಬಿದ್ದು ಜಾಗ ಬದಲಿಸಿದರು. ಎಂಆರ್‌ಐ ಅಂದರೆ ಮಾತ್ರ ಹುಷಾರು. ತಲೆಯೊಳಗೆ ಅಯಸ್ಕಾಂತ ಇದೆ ಅಂತ ಹೇಳುವ ಕಾರ್ಡು ಸದಾ ಜೊತೆಗಿರಬೇಕು.

ಸಂಗೀತ ವಾಪಸ್ಸು ಬರಲಿಲ್ಲ. ಪ್ರಾರ್ಥನೆಯಲ್ಲಿ ನಾಡಗೀತೆ ಹಾಡಿದರೆ ಸಂತೆಯ ಗದ್ದಲ. ಓಲಗ ಕೇಳಿದೆ, ನಮ್ಮೂರ ಮದುವೆಯೊಂದರಲ್ಲಿ. ಡೋಲು ಸೊಗಸಾಗಿ ಕೇಳಿತು, ನಾದಸ್ವರ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಮಗಳಿಗೆ ಇನ್ನೂ ಹೇಳಿಲ್ಲ. ಯಂತ್ರ ಕಾಲವನ್ನು ಚೆನ್ನಾಗಿ ಹಿಡಿಯುತ್ತದೆ, ಸ್ವರದ ಏರಿಳಿತವನ್ನು ಹಿಡಿಯುವುದಿಲ್ಲ. ಆ ರಾಡ್ ಸಾಂಡರ್ಸ್‌ಗೆ ಯಂತ್ರದ ಮೂಲಕ ರಾಷ್ಟ್ರಗೀತೆ ಕೇಳಿಸಿದಾಗ ಗುರುತು ಹಿಡಿದು ಎದ್ದು ಸೆಟೆದು ನಿಂತರಂತೆ. ರಾಗ ಕೇಳಿ ನಿಂತರೋ, ಲಯ ಕೇಳಿ ನಿಂತರೋ? ಲಯವೇ ಇರಬೇಕು ಅಂತ ನನ್ನ ಅನುಭವದ ಮೇಲೆ ಹೇಳುತ್ತೇನೆ. ಯಾಕೆಂದರೆ ಪದ್ಯವನ್ನು ರಾಗವಾಗಿ ಹಾಡಿಸುವುದನ್ನು ನಾನು ಬಿಟ್ಟಿದ್ದೇನೆ, ಛಂದಸ್ಸು ಮಾತ್ರ ಮೊದಲಿಗಿಂತ ಚೆನ್ನಾಗಿ ಕಲಿಸುತ್ತೇನೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ನಡೆ ನನ್ನ ಕಿವಿಗೆ ಗಡಿಯಾರದಷ್ಟು ಸ್ಪಷ್ಟ. ಯಾರಾದರೂ ಗುರುವನ್ನು ಲಘು ಮಾಡಿ ನುಂಗಿದರೆ ಹಿಡಿಯುತ್ತೇನೆ, ಯಾವ ಬೆಂಚಿನವರು ಅಂತ ಮಾತ್ರ ಲೀಡರ್ ತೋರಿಸಬೇಕು.

ಹಕಾರ ಸತಾಯಿಸಿತು. ಮೊದಲ ಆರು ತಿಂಗಳು ಸುಧಾರಣೆ ಬಿರುಸಾಗಿ ಆಗುತ್ತದೆ ಅನ್ನುತ್ತಾರೆ, ಆಯಿತು ಕೂಡ: ಒಬ್ಬರೇ ಎದುರಿಗೆ ಕೂತು ಮಾತಾಡಿದರೆ ತುಟಿ ನೋಡದೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಆದರೆ ‘ಆಜರ್’ ಅಂತ ಕೇಳಿದಾಗ ಹಕಾರ ನುಂಗಿದ್ದು ಹುಡುಗನೋ ಯಂತ್ರವೋ? ತಿದ್ದಲು ಬಾಯಿ ತೆರೆದು ಸುಮ್ಮನಾಗುತ್ತಿದ್ದೆ. ಮ್ಯಾಪಿಂಗ್‌ಗೆ ಹೋದಾಗಲೆಲ್ಲ ‘ನನ್ನ ಹಕಾರ ಕೊಡಿಸಮ್ಮ’ ಅಂತ ಆ ಹುಡುಗಿಯ ಪ್ರಾಣ ತಿಂದೆ.

ಏಳನೇ ತಿಂಗಳು, ಒಂಬತ್ತನೇ ತರಗತಿಯಲ್ಲಿ ಒಬ್ಬ ಎದ್ದು ಪಾಠ ಓದುತ್ತಿದ್ದ. ‘ಅಕ್ಕಿ ಮರದ ಮೇಲೆ ಕೂತಿತ್ತು’ ಅಂದ ಹಾಗೆ ಕೇಳಿತು. ‘ಹಕ್ಕಿ’ ಅಂದೆ. ‘ಅದೇ ಮಿಸ್, ಅಕ್ಕಿ’ ಅಂದ. ಮತ್ತೆ ಹೇಳಿಸಿದೆ. ಈ ಸಲ ಹಕ್ಕಿ ಅಂದ. ಅಂದನೋ, ಪುಸ್ತಕದಲ್ಲಿ ಹಕ್ಕಿ ಅಂತ ಇರುವುದು ಗೊತ್ತಿದ್ದರಿಂದ ನನ್ನ ತಲೆಯೇ ಒಂದು ಹಕಾರ ಸೇರಿಸಿತೋ?

ಪುಸ್ತಕ ಮುಚ್ಚಿಸಿದೆ. ‘ಹಕ್ಕಿ-ಅಕ್ಕಿ, ಹಾಲು-ಆಲು, ಹಾಸು-ಆಸು, ನಿನ್ನಿಷ್ಟ ಬಂದದ್ದು ಹತ್ತು ಪದ ಹೇಳು. ನೀನು ಹೇಳು, ನಾನು ಬರೀತೀನಿ’ ಅಂದೆ. ಚಾಕ್‌ಪೀಸ್ ತಗೊಂಡು ಅವನಿಗೆ ಬೆನ್ನು ಹಾಕಿ ಬೋರ್ಡಿಗೆ ಮುಖ ಮಾಡಿ ನಿಂತೆ. ತರಗತಿಯಲ್ಲಿ ಅಂಥ ನಿಶ್ಶಬ್ದ ನಾನು ಎಂದೂ ಕಂಡಿರಲಿಲ್ಲ. ಹತ್ತೂ ಬರೆದು ತಿರುಗಿದೆ.

ಹತ್ತಕ್ಕೆ ಏಳು. ಕೆಂಪು ಚಾಕ್‌ಪೀಸಿನಲ್ಲಿ ಅವನೇ ಬಂದು ಮಾರ್ಕು ಹಾಕಿದ. ತಪ್ಪಾದ ಮೂರರಲ್ಲಿ ಒಂದನ್ನು ಅವನು ಹೇಳಿದ್ದೇ ತಪ್ಪು ಅಂತ ನಾನು ವಾದ ಮಾಡಿದೆ. ಲೀಡರ್ ಅವನ ಪಕ್ಷ ವಹಿಸಿದಳು.